ಲೆಕ್ಕಕ್ಕೆ ಬಾರದ ಗಿಡಗಳು

ನನ್ನ ತವರಿನ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋಗುವ ಮುನ್ನ ಸರ್ವೇದವರು ಬಂದಿದ್ದರು. ಬೇವು, ಬನ್ನಿ, ಹುಣಸಿ ಎಂದು ಕೂಗುತ್ತ ಬೊಡ್ಡೆಗಳ ಮೇಲೆ ಬಣ್ಣದಲ್ಲಿ ನಂಬರು ಬರೆದರು. ಬದುವಿನ ಮೇಲೆ ಕುಂತು ನೋಡುತ್ತಿದ್ದ ಅವ್ವ ಕಡೆಗೆ ಕೇಳಿದಳು: “ಯಪ್ಪಾ, ಹಕ್ಕರಕಿ ಬರಕೊಳ್ಳಲಿಲ್ಲಲಾ?” ಅವರು ನಕ್ಕರು. ನಾವೂ ನಕ್ಕೆವು. ಆ ನಗೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ಗ್ರೇಟ್ ನಿಕೋಬಾರ್ ದ್ವೀಪದ ಸುದ್ದಿ ಓದಿದಾಗ ಅವ್ವನ ಮಾತು ಎದುರು ಬಂದು ನಿಂತಿತು. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಊರು ಇವಕ್ಕಾಗಿ 130 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಬಿಟ್ಟುಕೊಡಲು 2022ರಲ್ಲಿ ಒಪ್ಪಿಗೆ ಸಿಕ್ಕಿತು. 9.64 ಲಕ್ಷ ಮರಗಳಿಗೆ ಕುತ್ತು ಬರಬಹುದೆಂದು 2023ರಲ್ಲಿ ಸರಕಾರವೇ ಸಂಸತ್ತಿಗೆ ಹೇಳಿತು. ಬದಲಿಗೆ ಕಾಡು ಬೆಳೆಸುವುದೆಲ್ಲಿ ಗೊತ್ತೇ? ಹರಿಯಾಣ, ಮಧ್ಯಪ್ರದೇಶಗಳಲ್ಲಿ! ಇಲ್ಲಿ ಹಸಿದ ಕೂಸಿಗೆ ಪರವೂರಿನಲ್ಲಿ ಹಾಲು ಕಾಸಿದ ಹಾಗೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು, ಸಸ್ಯಶಾಸ್ತ್ರ ಓದಿದವಳಲ್ಲ. ಆದರೂ ಒಂದು ಮಳೆಗಾಲದಲ್ಲಿ ನಮ್ಮ ಶಾಲೆಯ ಹುಡುಗಿಯರನ್ನು ಬಾಡಗಂಡಿಯ ಹೊರಗಿನ ಪಡ ಭೂಮಿಗೆ ಕರೆದೊಯ್ದೆ. ಸಸ್ಯ ಸಮೀಕ್ಷೆ ಮಾಡುವವರು ಸಣ್ಣ ಸಣ್ಣ ಚೌಕ ಹಾಕಿ, ಒಳಗಿರುವ ಪ್ರತಿ ಜಾತಿಯನ್ನೂ ಬರೆದುಕೊಳ್ಳುತ್ತಾರೆಂದು ಓದಿದ್ದೆ. ನಾಲ್ಕು ಗೂಟ ನೆಟ್ಟು ಹೊಲಿಗೆ ದಾರದಿಂದ ಒಂದು ಮೀಟರಿನ ಚೌಕ ಕಟ್ಟಿದೆವು. ತುಂಬೆ, ಉತ್ತರಾಣಿ, ನೆಗ್ಗಿಲು, ಕರಿಕೆ... ಹನ್ನೊಂದು ಜಾತಿ ಸಿಕ್ಕವು. ಹೆಸರು ಗೊತ್ತಿದ್ದವು ಏಳು. (ಮೂರಕ್ಕೆ ಹೆಸರು ಹೇಳಿದವಳು ಪರೀಕ್ಷೆಯಲ್ಲಿ ಸದಾ ಹಿಂದೆ ಬೀಳುವ ಹುಡುಗಿ.) ಬೇಸಿಗೆಯಲ್ಲಿ ಅದೇ ಜಾಗಕ್ಕೆ ಹೋದರೆ ಇದ್ದವು ಎರಡೇ. “ಅಕ್ಕೋರ, ಉಳಿದವು ಸತ್ತವೇನ್ರೀ?” ಎಂದು ಒಬ್ಬಳು ಕೇಳಿದಳು. ಸತ್ತಿರಲಿಲ್ಲ, ಬೀಜವಾಗಿ ಮಣ್ಣಲ್ಲಿ ಮಲಗಿದ್ದವು. ಬೇಸಿಗೆಯಲ್ಲಷ್ಟೇ ಬಂದವನು ಬಯಲು ಬರಡೆಂದು ಬರೆದು ಹೋಗುತ್ತಿದ್ದ.

ನಮ್ಮ ಬರಡು ಬಯಲಿನ ಒಂದು ಮೀಟರೇ ಹೀಗಾದರೆ, ಮಳೆ ಸುರಿಯುವ ದ್ವೀಪದ ದಟ್ಟ ಕಾಡನ್ನು ಒಂದು ಋತುವಿನಲ್ಲಿ ನೋಡಿ ಮುಗಿಸಲು ಬಂದೀತೇ? ಯೋಜನೆಯ ವರದಿಗೆ ಒಂದೇ ಋತುವಿನ ಮಾಹಿತಿ ಸಾಕೇ ಎಂಬ ಪ್ರಶ್ನೆ 2023ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂದಿತ್ತು. ಹೂವೋ ಕಾಯೋ ಇಲ್ಲದೆ ಎಷ್ಟೋ ಗಿಡಗಳ ಜಾತಿ ಗುರುತಿಸುವುದೇ ಕಷ್ಟ. ಮೇಲಾಗಿ ಸುತ್ತ ಸಮುದ್ರವಿರುವ ನೆಲದಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳು ಹುಟ್ಟಿರುತ್ತವೆ. ಅಲ್ಲಿ ಅಳಿದರೆ ತಂದು ನೆಡಲು ಇನ್ನೊಂದು ಕಾಡಿಲ್ಲ, ಹರಿಯಾಣದಲ್ಲಂತೂ ಇಲ್ಲ.

ಅಲ್ಲಿನ ಶೊಂಪೆನ್ ಜನರಿಗೆ ಮುಖ್ಯ ಆಹಾರ ಕೇದಗೆಯ ಜಾತಿಯ ಒಂದು ಗಿಡದ ಹಣ್ಣು. ನಾವು ಹೆರಳಿಗೆ ಮುಡಿಯುವ ಕೇದಗೆಯ ಬಳಗ ಅವರಿಗೆ ಅನ್ನ. ದಿಮ್ಮಿಯ ಲೆಕ್ಕ ಹಾಕುವವನಿಗೆ ಅದು ಪೊದೆ ಅಷ್ಟೆ.

“ಹಂಗಾದ್ರ ದೇಶ ಮುಂದುವರೀಬಾರದೇನ್ರೀ?” ಎನ್ನುತ್ತಾರೆ ನಮ್ಮ ಸ್ಟಾಫ್ ರೂಮಿನಲ್ಲಿ. ಆಲಮಟ್ಟಿಯ ನೀರು ಎಷ್ಟು ಹೊಲಕ್ಕೆ ಹರಿದಿದೆ ಎಂಬುದು ನನಗೂ ಗೊತ್ತು. ಆಣೆಕಟ್ಟು ಬೇಡವಿತ್ತು ಎನ್ನುವವಳು ನಾನಲ್ಲ. ಆದರೆ ಮುಳುಗಿಸುವ ಮೊದಲು, ಕಡಿಯುವ ಮೊದಲು, ಏನಿದೆ ಎಂದು ಪೂರ್ತಿ ನೋಡಿರಿ. ವರ್ಷವಿಡೀ ನೋಡಿರಿ. ಆ ಕಾಡಿನಲ್ಲೇ ಉಂಡು ಬೆಳೆದವರನ್ನು ಕೇಳಿ ಬರೆದುಕೊಳ್ಳಿರಿ. ಕೊಡೋಣವೋ ಬೇಡವೋ ಎಂಬ ತೀರ್ಮಾನ ಆಮೇಲೆ. ಈಗ ನಡೆದಿರುವುದು ತೀರ್ಮಾನ ಮೊದಲು, ಎಣಿಕೆ ಆಮೇಲೆ.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಡೆದಿದೆ. ಎಕರೆಗೆ ಎಷ್ಟು ಪರಿಹಾರ ಎಂಬ ಚರ್ಚೆ ಜೋರಾಗಿದೆ, ಆಗಲೇಬೇಕು. ಹಕ್ಕರಕಿಯ ಮಾತನ್ನು ಮಾತ್ರ ಈ ಸಲವೂ ಯಾರೂ ಎತ್ತಿಲ್ಲ. ಅವ್ವ ಈಗಿಲ್ಲ. ಸರ್ವೇದವರು ಬಂದರೆ ಕೇಳುವವಳು ನಾನೇ.