ಕೊನೆಯ ಸವಾರ

ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಮಾರ್ಗವಾಗಿ, ಹರಳಿನ ವ್ಯಾಪಾರಕ್ಕೆ ಹೆಸರಾದ ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೆ ಹತ್ತು ಮೋಟಾರ್ ಸೈಕಲ್ಲುಗಳು ಹೊರಟವೆನ್ನೋಣ. ಮೊದಲಿನವನು ತುಸು ವೇಗ ಹೆಚ್ಚಿಸಿದರೆ, ಅಂತರವನ್ನು ತುಂಬಲು ಎರಡನೆಯವನು ಇನ್ನಷ್ಟು ಹೆಚ್ಚಿಸಬೇಕು. ಹತ್ತನೆಯವನ ಪಾಲಿಗೆ ಅದು ಪಂದ್ಯದ ಓಟವೇ ಸರಿ. ಆ ಹತ್ತನೆಯವನು ಹೊಸಬನಾದರಂತೂ ಅಪಾಯ ಕಾದೇ ಇರುತ್ತದೆ.

ಆದುದರಿಂದ ಬಲ್ಲವರು ಹೊಸಬನನ್ನು ಮುಂದಾಳಿನ ಬೆನ್ನಿಗೇ ಇರಿಸುತ್ತಾರೆ. ನುರಿತವನೊಬ್ಬನನ್ನು ಕೊನೆಯಲ್ಲಿ ಕಾವಲಿಡುತ್ತಾರೆ. ನೇರ ರಸ್ತೆಯಲ್ಲಿ ಒಬ್ಬನು ಎಡಕ್ಕೆ, ಮತ್ತೊಬ್ಬನು ಬಲಕ್ಕೆ ಸರಿದು ಸಾಗಬೇಕು. ತಿರುವಿನಲ್ಲಿ ಒಂದೇ ಸಾಲು. ತನ್ನ ನೇರಕ್ಕಿರುವ ಮುಂದಿನ ಗಾಡಿಗೂ ತನಗೂ 2 ಸೆಕೆಂಡಿನ ಅಂತರವಿರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 33 ಮೀಟರ್.

ಗಾಳಿಯ ಭರಾಟೆಯಲ್ಲಿ ಕೂಗು ಕೇಳಿಸದು. ಬಲಗೈ ಎಕ್ಸಿಲರೇಟರಿಗೆ ಮೀಸಲು, ಎಡಗೈಯೇ ನಾಲಿಗೆ. ಅಂಗೈಯನ್ನು ಕೆಳಮುಖವಾಗಿ ತಗ್ಗಿಸಿದರೆ ನಿಧಾನಿಸೆಂದು. ಟ್ಯಾಂಕಿನತ್ತ ಬೆರಳು ತೋರಿದರೆ ಪೆಟ್ರೋಲ್ ಬೇಕೆಂದು. ಬಲಬದಿಯ ಗುಂಡಿಗೆ ಬಲಗಾಲು ಚಾಚಿದರೆ ಸಾಕು. ಹೆಲ್ಮೆಟ್ಟಿನೊಳಗೇ ಮಾತನಾಡಿಸುವ ಉಪಕರಣಗಳು ಇಂದು ಉಂಟು. ಬ್ಯಾಟರಿ ಮುಗಿದಾಗ ಈ ಸನ್ನೆಗಳೇ ಗತಿ.

ಎಲ್ಲಕ್ಕಿಂತ ಹಿರಿಯ ಒಪ್ಪಂದ ಹೊರಡುವ ಮುನ್ನವೇ ಆಗಬೇಕು. ಪ್ರತಿಯೊಬ್ಬನೂ ಕನ್ನಡಿಯಲ್ಲಿ ತನ್ನ ಹಿಂದಿನವನನ್ನು ಗಮನಿಸುತ್ತಿರಬೇಕು. ಅವನು ಕಾಣದಿದ್ದರೆ ವೇಗ ತಗ್ಗಿಸಬೇಕು. ಅಲೀಪುರದ ಕಡೆಗೆ ಹೊರಳುವಲ್ಲಿ, ಹಿಂದಿನವನು ಕಣ್ಣಿಗೆ ಬೀಳುವ ತನಕ ರಸ್ತೆಯಂಚಿನಲ್ಲಿ ನಿಲ್ಲಬೇಕು. ಒಬ್ಬನು ನಿಧಾನಿಸಿದುದು ಅವನ ಮುಂದಿನವನ ಕನ್ನಡಿಗೆ ತಿಳಿಯುತ್ತದೆ. ಹೀಗೆ ಕೊನೆಯವನ ಸುದ್ದಿ ಮಾತಿಲ್ಲದೆಯೇ ಮುಂದಾಳಿಗೆ ಮುಟ್ಟುತ್ತದೆ.

ಊರನ್ನು ಮೊದಲು ತಲುಪಿದವನಾರೆಂದು ಯಾರೂ ಕೇಳರು. ಹತ್ತು ಮನೆಗಳಲ್ಲಿ ಬಾಗಿಲು ಕಾದಿರುವವರು ಎಣಿಸುವುದು ಮರಳಿ ಬಂದವರನ್ನು.