ಬಂಪರ್ ಹೊಸದು, ಚಾಸಿ ಸೊಟ್ಟ: ಡಿಕ್ಕಿಯಾದ ಜೀಪು ರಸ್ತೆಗೆ ಮರಳುವ ಮುನ್ನ

ಕಲಬುರಗಿ: ಕಬ್ಬು ನುರಿಸುವ ಹಂಗಾಮು ಬಂತೆಂದರೆ ಆಳಂದದ ಭೂಸನೂರು, ಅಫಜಲಪುರದ ಹವಳಗಾ, ಜೇವರ್ಗಿ ಭಾಗದ ಮಳ್ಳಿ ಸಕ್ಕರೆ ಕಾರ್ಖಾನೆಗಳತ್ತ ರಾತ್ರಿಯಿಡೀ ಟ್ರ್ಯಾಕ್ಟರ್ ಸಾಲು. ಹಿಂದೆ ದೀಪವಿಲ್ಲದ ಟ್ರೇಲರ್, ರಸ್ತೆ ಬದಿಗೆ ನಿಂತ ಲಾರಿ ಹತ್ತಿರ ಬರುವ ತನಕ ಕಾಣೋದೇ ಇಲ್ಲ. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಗುದ್ದಿ ಬಾಗಲಕೋಟೆ ಜಿಲ್ಲೆಯ ಐವರು ಸತ್ತಿದ್ದನ್ನು ಯಾರೂ ಮರೆತಿಲ್ಲ.

ಸಾವು ಸಂಭವಿಸಿದರೆ ಸುದ್ದಿ. ಜೀವ ಉಳಿದು ಬೊಲೆರೊ, ಥಾರ್, ಸ್ಕಾರ್ಪಿಯೊದ ಮುಂಭಾಗ ಮಾತ್ರ ನುಜ್ಜುಗುಜ್ಜಾದರೆ ಅದು ಗ್ಯಾರೇಜಿನ ಲೆಕ್ಕ. ಬಾನೆಟ್ ಬಡಿದು, ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಬದಲಿಸಿ, ಬಣ್ಣ ಹೊಡೆದರೆ ಗಾಡಿ ಹೊಸದರಂತೆ ಕಾಣುತ್ತದೆ. ಆದರೆ ಅಪಾಯ ಇರುವುದು ಬಣ್ಣದ ಕೆಳಗೆ.

ಮೊದಲು ಅಳತೆ, ಆಮೇಲೆ ಬಣ್ಣ

ಈ ಗಾಡಿಗಳ ಬಾಡಿ ಏಣಿಯಂಥ ಉಕ್ಕಿನ ಚಾಸಿ ಮೇಲೆ ಕೂತಿರುತ್ತದೆ. ಮುಂದಿನಿಂದ ಪೆಟ್ಟು ಬಿದ್ದರೆ ಚಾಸಿಯ ಎರಡು ತುದಿಗಳು ಮೊದಲು ಬಾಗುತ್ತವೆ. ಪೆಟ್ಟು ಒಂದೇ ಮೂಲೆಗೆ ಬಿದ್ದರೆ ಇಡೀ ಚೌಕಟ್ಟು ಓರೆಯಾಗಬಹುದು. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಒಂದೇ ಜಾಗದ ರಂಧ್ರಗಳ ನಡುವೆ ಟೇಪ್ ಹಿಡಿದರೆ ಎರಡೂ ಅಳತೆ ಸಮ ಬರಬೇಕು. ಬರದಿದ್ದರೆ ಚಾಸಿ ಎಳೆದು ನೇರ ಮಾಡುವ ಯಂತ್ರವಿರುವ ವರ್ಕ್‌ಶಾಪಿಗೇ ಗಾಡಿ ಹೋಗಬೇಕು. ಗ್ಯಾಸ್‌ನಿಂದ ಕೆಂಪಗೆ ಕಾಯಿಸಿ ಬಡಿದರೆ ಉಕ್ಕಿನ ಬಲ ಕುಗ್ಗುತ್ತದೆ. “ಏನ್ ಆಗಂಗಿಲ್ರಿ, ಓಡ್ತದ” ಅನ್ನುವ ಮಾತು ಇಲ್ಲಿ ಸಾಲದು. ಸ್ಟೇರಿಂಗ್ ಒಂದು ಬದಿಗೆ ಎಳೆಯುವುದು, ಮುಂದಿನ ಟೈರ್ ಒಂದೇ ಅಂಚಿಗೆ ಸವೆಯುವುದು, ಬಾನೆಟ್‌ನ ಎರಡು ಬದಿಯ ಸಂದು ಬೇರೆ ಬೇರೆ ಇರುವುದು, ಇವೆಲ್ಲ ಚಾಸಿ ಅಥವಾ ಸಸ್ಪೆನ್ಷನ್ ಇನ್ನೂ ಸರಿಯಾಗಿಲ್ಲ ಎಂಬುದರ ಸೂಚನೆ.

ಎರಡನೆಯದು ಏರ್‌ಬ್ಯಾಗ್. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಒಮ್ಮೆ ಸಿಡಿದದ್ದು ಮತ್ತೆ ಕೆಲಸಕ್ಕೆ ಬಾರದು. ಏರ್‌ಬ್ಯಾಗ್, ಸೆನ್ಸರ್, ಬಿಗಿದುಕೊಂಡ ಸೀಟ್ ಬೆಲ್ಟ್ ಎಲ್ಲವನ್ನೂ ನೋಡಿಸಬೇಕು. ಮೀಟರಿನ ಎಚ್ಚರಿಕೆ ದೀಪವನ್ನಷ್ಟೇ ಆರಿಸಿ ಕೊಟ್ಟರೆ ಅದು ರಿಪೇರಿಯಲ್ಲ, ಮೋಸ.

ದಪ್ಪ ಗಾರ್ಡ್ ಪರಿಹಾರವಲ್ಲ

ಒಮ್ಮೆ ಪೆಟ್ಟು ತಿಂದವರು ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದು ಸಾಮಾನ್ಯ. ಇದರ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಗಾರ್ಡನ್ನು ನೇರ ಚಾಸಿಗೇ ಬಿಗಿಯುವುದರಿಂದ ಬಂಪರ್ ನುಂಗಬೇಕಾದ ಪೆಟ್ಟು ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗ್ ಸಿಡಿಯುವ ಸಮಯವೂ ತಪ್ಪಬಹುದು. ಎದುರಿಗೆ ಬರುವ ಪಾದಚಾರಿ, ಬೈಕ್ ಸವಾರರಿಗಂತೂ ಅದು ಇನ್ನೂ ಅಪಾಯ.

ಬಿಲ್ ಯಾರ ತಲೆಗೆ?

ಅರೆಬರೆ ರಿಪೇರಿಗೆ ಮೂಲ ಕಾರಣ ದುಡ್ಡು. ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದರೆ ಸ್ವಂತ ಗಾಡಿಯ ರಿಪೇರಿಗೆ ಒಂದು ರೂಪಾಯಿಯೂ ಬರಲ್ಲ. ಪೂರ್ಣ ವಿಮೆ ಇದ್ದರೂ ಸಾಮಾನ್ಯ ಪಾಲಿಸಿಯಲ್ಲಿ ಸವಕಳಿ ಕಡಿತವಿದೆ: ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ, ಏರ್‌ಬ್ಯಾಗಿಗೆ ಶೇ 50, 5 ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಶೇ 40, 10 ವರ್ಷ ದಾಟಿದರೆ ಶೇ 50. ಅಂದರೆ 6 ವರ್ಷದ ಗಾಡಿಗೆ 10,000 ರೂಪಾಯಿಯ ಬಾನೆಟ್ ಹಾಕಿದರೆ 4,000 ರೂಪಾಯಿ ಮಾಲೀಕನದೇ. ಗಾಜಿಗೆ ಮಾತ್ರ ಈ ಕಡಿತವಿಲ್ಲ. ರಿಪೇರಿ ವೆಚ್ಚ ವಿಮೆಯಲ್ಲಿ ನಮೂದಾದ ಗಾಡಿ ಮೌಲ್ಯದ ಶೇ 75 ಮೀರಿದರೆ ಗಾಡಿ ಪೂರ್ತಿ ನಷ್ಟವೆಂದೇ ಲೆಕ್ಕ. ಸರ್ವೇಯರ್ ನೋಡುವ ಮೊದಲು ಗಾಡಿ ಬಿಚ್ಚಿಸಬೇಡಿ. ಸ್ಥಳದಲ್ಲೇ ಫೋಟೊ ತೆಗೆದು, ಕಂಪನಿಗೆ ತಕ್ಷಣ ತಿಳಿಸಿ. ಬಿಚ್ಚಿದ ಮೇಲೆ ಚಾಸಿ ಹಾನಿ ಕಂಡರೆ ಮತ್ತೊಮ್ಮೆ ಸರ್ವೇ ಮಾಡಿಸಿ ಎಂದು ಕೇಳಿ.

ಕಾಟಾದ ಹತ್ತಿರವೇ ತಡೆಯಿರಿ

ಗಾಡಿ ಮಾಲೀಕ ಇಷ್ಟೆಲ್ಲ ಮಾಡಿದರೂ ರಸ್ತೆಯ ಕತ್ತಲು ಹಾಗೇ ಇರುತ್ತದೆ. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂಬ ನಿಯಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಹಳ್ಳಿ ಹಳ್ಳಿಯ ದಾರಿಯಲ್ಲಿ ಒಂದೊಂದು ಟ್ರ್ಯಾಕ್ಟರ್ ಹಿಡಿಯಲು ಪೊಲೀಸರಿಗೆ, ಆರ್‌ಟಿಒಗೆ ಆಗಲಿಕ್ಕಿಲ್ಲ. ಆದರೆ ಕಬ್ಬಿನ ಪ್ರತಿ ಟ್ರೇಲರ್ ಕಾರ್ಖಾನೆಯ ತೂಕದ ಕಾಟಾ ಮೇಲೆ ನಿಲ್ಲಲೇಬೇಕು. ರಿಫ್ಲೆಕ್ಟರ್ ಇಲ್ಲದ್ದಕ್ಕೆ ಅಲ್ಲೇ ಟೇಪ್ ಅಂಟಿಸಿ ಕಳಿಸುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಹಂಗಾಮಿನ ಮೊದಲ ದಿನದಿಂದಲೇ ಕಡ್ಡಾಯ ಮಾಡಲಿ. ಒಂದು ಸುರುಳಿ ಟೇಪಿನ ಬೆಲೆ ಒಂದು ಹೆಡ್‌ಲೈಟಿಗಿಂತ ಕಡಿಮೆ. ಜೀವದ ಮಾತಂತೂ ಬೇರೆ.