ಏಳು ಉಂಗುರಗಳ ವಾದ

ಶ್ರೇಷ್ಠತೆಯನ್ನು ಎಣಿಸಿ ತೀರ್ಮಾನಿಸಬಹುದೆಂಬುದು ನಮ್ಮ ಕಾಲದ ಮೂಢನಂಬಿಕೆಗಳಲ್ಲೊಂದು. ಅದಕ್ಕೆ ನಿದರ್ಶನಗಳು ಎಲ್ಲೆಡೆ ಸಿಗುತ್ತವೆ. ಆದರೆ ಅದು ತನ್ನ ಪೂರ್ಣರೂಪದಲ್ಲಿ ನನಗೆ ಗೋಚರಿಸಿದ್ದು ಅಮೆರಿಕದಲ್ಲಿರುವ ಮಗನ ಮನೆಯಲ್ಲಿ, ಮೊಮ್ಮಕ್ಕಳಿಬ್ಬರ ಜಗಳದಲ್ಲಿ. ಆ ದೇಶದ ಫುಟ್‌ಬಾಲ್ ಆಟದ ಸಾರ್ವಕಾಲಿಕ ಸರ್ವಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರೆಂಬುದು ವಿವಾದ. ಕಿರಿಯವನು ಹಳೆಯ ಆಟಗಾರರ ಹೆಸರೆತ್ತಿದೊಡನೆ ಹಿರಿಯವನು, "ಟಾಮ್ ಬ್ರೇಡಿಗೆ ಏಳು ಉಂಗುರ. ಇನ್ನೇನು ಚರ್ಚೆ?" ಎಂದು ಅವನ ಬಾಯಿ ಮುಚ್ಚಿಸಿದ. ಆ ಹುಡುಗನೊಬ್ಬನದೇ ತಪ್ಪಲ್ಲ. ಅಲ್ಲಿಯ ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಬಲ್ಲವರೆನಿಸಿಕೊಂಡವರೂ ಇದೇ ವಾಕ್ಯವನ್ನು ಆಡುತ್ತಾರೆ. ಈ ವಾಕ್ಯದಲ್ಲಿನ ಸಂಖ್ಯೆ ಸುಳ್ಳಲ್ಲ, ಅದರಿಂದ ಎಳೆಯುವ ತೀರ್ಪು ಅನ್ಯಾಯದ್ದು ಎಂಬುದು ನನ್ನ ವಾದ.

ವಾಚಕರಲ್ಲಿ ಅನೇಕರಿಗೆ ಈ ಆಟ ಅಪರಿಚಿತವಾಗಿರಬಹುದು. ಕಾಲಿನಿಂದ ಚೆಂಡನ್ನು ಒದೆಯುವ ನಮ್ಮ ಫುಟ್‌ಬಾಲ್ ಇದಲ್ಲ. ಎರಡು ಕಡೆಯಿಂದ ಹನ್ನೊಂದು ಮಂದಿ ಎದುರುಬದುರಾಗಿ ನಿಲ್ಲುತ್ತಾರೆ. ಮೊಟ್ಟೆಯಾಕಾರದ ಚೆಂಡನ್ನು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜವಾದರೂ ಮುಂದೊಯ್ಯಬೇಕು. ಒಂದೇ ತಂಡದಲ್ಲಿ ಆಕ್ರಮಣದ ಪಡೆ ಬೇರೆ, ರಕ್ಷಣೆಯ ಪಡೆ ಬೇರೆ. ಒಂದು ಕಣದಲ್ಲಿದ್ದಾಗ ಇನ್ನೊಂದು ಅಂಚಿನಲ್ಲಿ ಕುಳಿತಿರುತ್ತದೆ. ಆಕ್ರಮಣವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಅವನ ಕೈಗೆ ಬಂದ ಎರಡು ಮೂರು ಕ್ಷಣಗಳಲ್ಲಿ ಎಸೆಯಬೇಕೋ, ಪಕ್ಕದವನಿಗೆ ಒಪ್ಪಿಸಬೇಕೋ, ತಾನೇ ಓಡಬೇಕೋ ಎಂಬುದನ್ನು ನಿರ್ಧರಿಸಬೇಕು. ಋತುವಿನ ಕೊನೆಯಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಗೆದ್ದ ತಂಡದ ಆಟಗಾರರಿಗೆಲ್ಲ ಒಂದೊಂದು ಉಂಗುರ ದೊರೆಯುತ್ತದೆ. ಎಲ್ಲರಿಗೂ ಎಂಬ ಮಾತು ನೆನಪಿನಲ್ಲಿರಲಿ.

ಈಗ ಆ ಏಳು ಉಂಗುರಗಳ ಖಾತೆಯನ್ನು ಬಿಚ್ಚಿ ನೋಡೋಣ. ಮೊದಲನೆಯದು 2002ರ ಫೆಬ್ರವರಿಯದು. ಆ ಪಂದ್ಯದಲ್ಲಿ ಬ್ರೇಡಿಯವರ ಎಸೆತಗಳಿಂದ ಬಂದದ್ದು ಒಟ್ಟು 145 ಗಜ. ಕಾಲ ಮುಗಿಯುವ ಗಳಿಗೆಯಲ್ಲಿ 48 ಗಜ ದೂರದಿಂದ ಚೆಂಡನ್ನು ಒದ್ದು 20-17ರಿಂದ ಗೆಲ್ಲಿಸಿದವರು ಆಡಮ್ ವಿನಾಟಿಯೇರಿ. 2015ರದನ್ನು ನೋಡಿ. ಎದುರಾಳಿಗಳು ಗೆರೆಯಿಂದ ಒಂದೇ ಗಜ ದೂರದಲ್ಲಿದ್ದರು, ಉಳಿದಿದ್ದುದು ಅರ್ಧ ನಿಮಿಷಕ್ಕೂ ಕಡಿಮೆ. ಆಗ ನಡುವೆ ನುಗ್ಗಿ ಚೆಂಡನ್ನು ಕಸಿದವರು ಮಾಲ್ಕಂ ಬಟ್ಲರ್ ಎಂಬ ಹೊಸ ರಕ್ಷಣೆಗಾರ, ಆಯ್ಕೆಯ ಪಟ್ಟಿಯಲ್ಲಿ ಯಾವ ತಂಡವೂ ಹೆಸರಿಸದಿದ್ದ ಹುಡುಗ. ಬ್ರೇಡಿಯವರು ಆಗ ಅಂಚಿನಲ್ಲಿ ನಿಂತು ನೋಡುತ್ತಿದ್ದರು. 2019ರಲ್ಲಿ ತಂಡ 13-3ರಿಂದ ಗೆದ್ದಾಗ ಅವರ ಎಸೆತದಿಂದ ಒಂದು ಟಚ್‌ಡೌನ್ ಕೂಡ ಬರಲಿಲ್ಲ. ಅದಕ್ಕೆ ಹಿಂದಿನ ವರ್ಷ, 2018ರಲ್ಲಿ, ಅವರು 505 ಗಜ ಎಸೆದು ಸೂಪರ್ ಬೌಲ್‌ಗಳ ದಾಖಲೆ ಬರೆದರು. ಆ ಪಂದ್ಯದಲ್ಲಿ ತಂಡ 41-33ರಿಂದ ಸೋತಿತು. 145 ಗಜಕ್ಕೆ ಉಂಗುರ, 505 ಗಜಕ್ಕೆ ಬರಿಗೈ. ಉಂಗುರ ಅಳೆಯುತ್ತಿರುವುದು ಏನನ್ನು ಎಂದು ಕೇಳಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಅಂಗಡಿ ನಡೆಸಿದ ಮನೆತನದವನು ನಾನು. ಹತ್ತು ಜನರ ಜಮೆಯನ್ನು ಒಬ್ಬನ ಖಾತೆಗೆ ಬರೆದ ಗುಮಾಸ್ತನನ್ನು ನನ್ನ ತಂದೆ ಮಾರನೆಯ ದಿನ ಇಟ್ಟುಕೊಳ್ಳುತ್ತಿರಲಿಲ್ಲ.

ಬ್ರೇಡಿಯವರನ್ನು ಕೀಳುಗಳೆಯುವುದು ನನ್ನ ಉದ್ದೇಶವಲ್ಲ. 2000ದ ಆಯ್ಕೆಯಲ್ಲಿ 199ನೆಯವರಾಗಿ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಆಡಿದವರ ದೇಹದಂಡನೆ ಗೌರವಕ್ಕೆ ಯೋಗ್ಯ. 2017ರಲ್ಲಿ 28-3ರ ಹಿನ್ನಡೆಯಿಂದ ತಂಡವನ್ನು ಎತ್ತಿ 34-28ಕ್ಕೆ ತಂದದ್ದರಲ್ಲಿ ಅವರ ಪಾಲು ಬಹು ದೊಡ್ಡದು. ಪ್ರತಿವಾದಿಗಳ ಪ್ರಬಲವಾದ ಮಾತೂ ಒಂದುಂಟು: ತರಬೇತುದಾರ ಬೆಲಿಚಿಕ್ ಅವರನ್ನು ಬಿಟ್ಟು ಟ್ಯಾಂಪಾ ಬೇ ತಂಡಕ್ಕೆ ಹೋದ ಮೊದಲ ಋತುವಿನಲ್ಲಿಯೇ, 2021ರ ಫೆಬ್ರವರಿಯಲ್ಲಿ, ಅವರು ಏಳನೆಯ ಉಂಗುರ ಪಡೆದರಲ್ಲ? ನಾನು ಈ ಮಾತನ್ನು ಹಗುರವಾಗಿ ತಳ್ಳಲಾರೆ. ಆದರೂ ಆ 31-9ರ ಗೆಲುವಿನಲ್ಲಿ ಎದುರಾಳಿಗಳಿಗೆ ಒಂದು ಟಚ್‌ಡೌನ್ ಕೂಡ ಬಿಟ್ಟುಕೊಡದ ರಕ್ಷಣೆಯ ಪಡೆಯನ್ನು ಎಲ್ಲಿಡೋಣ? ಅತಿ ಹೆಚ್ಚು ಗೆದ್ದ ತಂಡಗಳ ಕ್ವಾರ್ಟರ್‌ಬ್ಯಾಕ್ ಎನ್ನಿ, ಒಪ್ಪುತ್ತೇನೆ. ಸರ್ವಶ್ರೇಷ್ಠ ಎಂಬುದು ಬೇರೆಯೇ ಪ್ರತಿಜ್ಞೆ. ಅದಕ್ಕೆ ಬೇರೆಯೇ ಪ್ರಮಾಣ ಬೇಕು.

ಎಣಿಕೆಯವರು ತಮ್ಮ ಎಣಿಕೆಗಾದರೂ ನಿಷ್ಠರೇ? ಅದೂ ಇಲ್ಲ. ಕ್ಲೀವ್‌ಲೆಂಡಿನ ಆಟೊ ಗ್ರಹಾಂ ಅವರು 1946ರಿಂದ 1955ರವರೆಗೆ ಹತ್ತು ಋತು ಆಡಿದರು. ಹತ್ತರಲ್ಲಿಯೂ ತಂಡ ಅಂತಿಮ ಪಂದ್ಯ ತಲುಪಿತು, ಏಳರಲ್ಲಿ ಗೆದ್ದಿತು. ಏಳು! ಆದರೆ ಅವುಗಳಲ್ಲಿ ನಾಲ್ಕು ಗೆಲುವುಗಳು ಬೇರೊಂದು ಲೀಗಿನವು, ಸೂಪರ್ ಬೌಲ್ ಆರಂಭವಾದದ್ದೇ 1967ರಲ್ಲಿ. ಆದ್ದರಿಂದ ಗ್ರಹಾಂ ಲೆಕ್ಕಕ್ಕಿಲ್ಲ. ಬಾಲ್ಟಿಮೋರಿನ ಜಾನಿ ಯುನೈಟಸ್ ಅವರು ಯಾವ ಆಟ ಆಡಬೇಕೆಂಬುದನ್ನು ಬಹುಮಟ್ಟಿಗೆ ಕಣದಲ್ಲಿ ನಿಂತು ತಾವೇ ನಿರ್ಧರಿಸುತ್ತಿದ್ದರು. 1994ರಿಂದೀಚೆಗೆ ಕ್ವಾರ್ಟರ್‌ಬ್ಯಾಕಿನ ಶಿರಸ್ತ್ರಾಣದೊಳಗಿನ ರೇಡಿಯೋದಲ್ಲಿ ತರಬೇತುದಾರರ ಧ್ವನಿಯೇ ಕೇಳುತ್ತದೆ. ಚೆಂಡು ಹಿಡಿಯಲು ಓಡುವವರನ್ನು ತಡೆಯುವ ನಿಯಮಗಳು 1978ರಲ್ಲಿ ಬಿಗಿಯಾದ ಮೇಲೆ ಎಸೆತದ ಆಟವೇ ಸುಲಭವಾಯಿತು. ಮಯಾಮಿಯ ಡಾನ್ ಮರೀನೊ ಅವರು 1984ರ ಒಂದೇ ಋತುವಿನಲ್ಲಿ 5,084 ಗಜ ಎಸೆದು, 48 ಟಚ್‌ಡೌನ್ ಗಳಿಸಿಕೊಟ್ಟು, ಹದಿನೇಳು ವರ್ಷ ಆಡಿ, ಉಂಗುರವಿಲ್ಲದೆ ನಿವೃತ್ತರಾದರು. ಅವರ ಪಾಲಿಗೆ ಬಂದ ಏಕೈಕ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದವರು ಜೋ ಮೊಂಟಾನಾ. ನನ್ನ ಕಿರಿಯ ಮೊಮ್ಮಗ ಹೇಳಹೊರಟಿದ್ದ ಹೆಸರು ಅದೇ.

ಇಷ್ಟೇ ಆಗಿದ್ದರೆ ಇದನ್ನು ಆಟದ ಮಾತೆಂದು ಬಿಟ್ಟುಬಿಡುತ್ತಿದ್ದೆ. ಈ ವಯಸ್ಸಿನಲ್ಲಿ ಲೇಖನಿ ಹಿಡಿಯುತ್ತಿರಲಿಲ್ಲ. ಲೆಕ್ಕದ ಪುಸ್ತಕಕ್ಕೆ ಪ್ರವೇಶವೇ ದೊರೆಯದವರ ಸಂಗತಿ ಇನ್ನೂ ಗಂಭೀರವಾದದ್ದು.

ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 1934ರಿಂದ 1945ರವರೆಗೆ ಕಪ್ಪು ವರ್ಣದ ಆಟಗಾರನೊಬ್ಬನೂ ಇರಲಿಲ್ಲ. ಆಮೇಲೆ ಓಡಲು, ತಡೆಯಲು, ಹಿಡಿಯಲು ಅವರನ್ನು ಕರೆದುಕೊಂಡರು. ಕ್ವಾರ್ಟರ್‌ಬ್ಯಾಕ್ ಸ್ಥಾನದ ಬಾಗಿಲನ್ನು ಮಾತ್ರ ದಶಕಗಳ ಕಾಲ ಬಹುತೇಕ ಮುಚ್ಚಿಯೇ ಇಟ್ಟರು. ಅದು ಬುದ್ಧಿಯ, ನಾಯಕತ್ವದ ಸ್ಥಾನ, ಅದಕ್ಕೆ ಇವರು ಸಲ್ಲರು ಎಂಬುದು ಒಳಗಿನ ನಂಬಿಕೆ. ವಾರನ್ ಮೂನ್ ಅವರು ಕಾಲೇಜು ಆಟದ ಪ್ರತಿಷ್ಠಿತ ರೋಸ್ ಬೌಲ್‌ನಲ್ಲಿ ತಮ್ಮ ತಂಡವನ್ನು ಗೆಲ್ಲಿಸಿದ್ದರೂ 1978ರ ಆಯ್ಕೆಯಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಅವರು ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದಲ್ಲಿದ್ದು ಸತತ ಐದು ಬಾರಿ ಅಲ್ಲಿಯ ಗ್ರೇ ಕಪ್ ಗೆದ್ದರು. ಸ್ವದೇಶದ ಲೀಗು ಅವರನ್ನು ಕರೆದದ್ದು 1984ರಲ್ಲಿ. ಆ ಐದು ಕಪ್‌ಗಳನ್ನು ಉಂಗುರದ ಲೆಕ್ಕದವರು ಯಾರೂ ಎಣಿಸುವುದಿಲ್ಲ, ಕಳೆದುಹೋದ ಆರು ಋತುಗಳನ್ನೂ ಎಣಿಸುವುದಿಲ್ಲ. 1988ರಲ್ಲಿ ಡಗ್ ವಿಲಿಯಮ್ಸ್ ಅವರು ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಅಂತಿಮ ಪಂದ್ಯದ ಎರಡೂ ಕಡೆ ಅಂಥವರೇ ನಿಂತು ಆಡಿದ್ದನ್ನು ನೋಡಲು 2023ರವರೆಗೆ ಕಾಯಬೇಕಾಯಿತು.

ಆಡದವರನ್ನು ಅಳೆಯುವುದು ಹೇಗೆ ಎಂದು ನನ್ನ ಹಿರಿಯ ಮೊಮ್ಮಗ ಕೇಳಿದ. ಅಳೆಯಲಾಗದು, ನಿಜ. ಹಾಗಾದರೆ ಅಳೆದೆನೆಂದು ಹೇಳಬೇಡ. ಆಡಲು ಬಿಟ್ಟವರಲ್ಲಿ ಶ್ರೇಷ್ಠ ಎಂದು ಹೇಳು, ಸಾರ್ವಕಾಲಿಕ ಎಂಬ ಪದವನ್ನು ಕೈಬಿಡು ಎಂದೆ. ಅವನು ನಕ್ಕು, "ಅಜ್ಜಾ, ಅಷ್ಟು ಉದ್ದ ಹೇಳಿದರೆ ಯಾರು ಕೇಳುತ್ತಾರೆ?" ಎಂದ. ಆಗ ಅವನಿಗೆ ಮಾರ್ಲಿನ್ ಬ್ರಿಸ್ಕೊ ಅವರ ಕತೆ ಹೇಳಿದೆ. 1968ರಲ್ಲಿ ಡೆನ್ವರ್ ತಂಡ ಅವರನ್ನು ತೆಗೆದುಕೊಂಡದ್ದು ರಕ್ಷಣೆಯ ಪಡೆಗೆ. ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಅವಕಾಶ ದೊರೆತಾಗ ಆ ಒಂದು ಋತುವಿನಲ್ಲಿ 14 ಟಚ್‌ಡೌನ್ ಎಸೆತಗಳನ್ನು ಎಸೆದರು. ಮರುವರ್ಷ ಆ ಸ್ಥಾನಕ್ಕೆ ಅವರನ್ನು ಪರಿಗಣಿಸಲೇ ಇಲ್ಲ. ಬಫಲೊ ತಂಡಕ್ಕೆ ಹೋಗಿ, ಇತರರು ಎಸೆದ ಚೆಂಡನ್ನು ಹಿಡಿಯುವ ಕೆಲಸ ಕಲಿತರು. ಅಲ್ಲಿಂದ ಮಯಾಮಿಗೆ ಬಂದು 1972 ಮತ್ತು 1973ರ ಋತುಗಳಲ್ಲಿ ಎರಡು ಬಾರಿ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು.

"ಹಾಗಾದರೆ ಅವರಿಗೂ ಎರಡು ಉಂಗುರ ಉಂಟಲ್ಲ," ಎಂದ ಕಿರಿಯವನು. ಹಿರಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅವು ಕ್ವಾರ್ಟರ್‌ಬ್ಯಾಕ್ ಆಗಿ ಬಂದವಲ್ಲ," ಎಂದ.